ಕೃತಕ ಬುದ್ಧಿಮತ್ತೆ ಕಲಿಸುವುದೂ ಒಂದು ಉಪಕಸುಬು

ಮೊಬೈಲಿಗೆ ಕನ್ನಡದಲ್ಲೇ ಪ್ರಶ್ನೆ ಕೇಳಿ ಉತ್ತರ ಪಡೆಯುವ ಅನುಕೂಲ ಈಗ ಹಳ್ಳಿಗೂ ಬಂದಿದೆ. ಪಿ.ಎಂ. ಕಿಸಾನ್ ಯೋಜನೆಯ ವಿಚಾರಣೆಗೆಂದು 2023ರಲ್ಲಿ ಆರಂಭವಾದ 'ಕಿಸಾನ್ ಇ-ಮಿತ್ರ' ಇದಕ್ಕೊಂದು ಉದಾಹರಣೆ. ಇಂತಹವನ್ನು ಬಳಸಬಲ್ಲ ಯುವ ರೈತರು ಬಿಡುವಿನ ವೇಳೆಯಲ್ಲಿ ಅದನ್ನು ನೆರೆಹೊರೆಯವರಿಗೆ ಕಲಿಸಿ ನಾಲ್ಕು ಕಾಸು ಸಂಪಾದಿಸಬಹುದು.

ಪಾಠದ ಕ್ರಮ: ಒಂದು ತಂಡಕ್ಕೆ ಆರು ಜನ ಸಾಕು. ಮೊದಲ ದಿನ ಪ್ರಶ್ನೆ ಕೇಳುವುದನ್ನು ಕಲಿಸಿ. "ಟೊಮೇಟೊಗೆ ರೋಗ ಬಂದಿದೆ" ಎಂದರೆ ಸಾಲದು. ತಳಿ ಯಾವುದು, ನಾಟಿ ಮಾಡಿ ಎಷ್ಟು ದಿನವಾಯಿತು, ಎಲೆಯ ಚುಕ್ಕೆ ಹೇಗಿದೆ ಎಂಬುದನ್ನೂ ಹೇಳಬೇಕು. ಎರಡನೆಯ ದಿನ ಅರ್ಜಿ ಬರೆಸುವುದನ್ನು, ಮೂರನೆಯ ದಿನ ಉತ್ತರವನ್ನು ಪರೀಕ್ಷಿಸುವುದನ್ನು ಕಲಿಸಿ.

ಎಚ್ಚರಿಕೆ: ಮೂರನೆಯ ದಿನದ ಪಾಠವೇ ಮುಖ್ಯ. ಯಂತ್ರವು ನಿಮ್ಮ ಹೊಲ ಕಂಡಿಲ್ಲ. ಕಲಿತ ಬರಹಗಳ ಆಧಾರದಿಂದ ಪದ ಜೋಡಿಸುತ್ತದೆ. ತಪ್ಪನ್ನೂ ಧೈರ್ಯವಾಗಿ ಹೇಳುತ್ತದೆ. ಒಂದೇ ಪ್ರಶ್ನೆಯನ್ನು ಎರಡು ಬಗೆಯಲ್ಲಿ ಕೇಳಿಸಿ, ಉತ್ತರಗಳನ್ನು ಹೋಲಿಸಿ ತೋರಿಸಿ. ಔಷಧಿಯ ಪ್ರಮಾಣವನ್ನು ಡಬ್ಬಿಯ ಮೇಲಿನ ಚೀಟಿಯೊಡನೆ ತಾಳೆ ನೋಡಬೇಕು. ಸಂದೇಹವಿದ್ದರೆ ರೈತ ಸಂಪರ್ಕ ಕೇಂದ್ರವನ್ನಾಗಲಿ, ಕಿಸಾನ್ ಕಾಲ್ ಸೆಂಟರನ್ನಾಗಲಿ (1800-180-1551) ವಿಚಾರಿಸದೆ ಸಿಂಪಡಿಸಕೂಡದು. ಕಲಿಯುವವರ ಒ.ಟಿ.ಪಿ., ಗುಪ್ತ ಸಂಖ್ಯೆಗಳನ್ನು ನೀವು ಕೇಳಕೂಡದು.

ಆದಾಯ: ತಲಾ 150 ರೂ.ಗಳಂತೆ ಆರು ಜನರಿಂದ 900 ರೂ. ಬಂದು, ಇಂಟರ್‌ನೆಟ್, ಕಾಗದಕ್ಕೆ 200 ರೂ. ಖರ್ಚಾದರೆ 700 ರೂ. ಉಳಿಯುತ್ತದೆ. ಕಲಿಸಿದ್ದಕ್ಕೆ ಮಾತ್ರ ಶುಲ್ಕ ಪಡೆಯಿರಿ. ಔಷಧಿ ಅಂಗಡಿಯ ಕಮಿಷನ್ ಬೇಡ. ನಿಮ್ಮ ಮಾತು ನಂಬಿ ಒಬ್ಬರ ಬೆಳೆ ಕೆಟ್ಟರೂ ಮುಂದಿನ ತಂಡಕ್ಕೆ ಯಾರೂ ಬರುವುದಿಲ್ಲ.