ತಿಗಣೆ ಕಚ್ಚಿದ್ದಕ್ಕೂ ಪರಿಹಾರ ಕೇಳಬಹುದು

ಪ್ರಶ್ನೆ: ನಾನು ಸೊರಬ ತಾಲ್ಲೂಕಿನ ಹಳ್ಳಿಯೊಂದರ ಗೃಹಿಣಿ. ಕಳೆದ ತಿಂಗಳು ದೊಡ್ಡಪ್ಪನ ಮಗನ ಮದುವೆಗೆ ಶಿಕಾರಿಪುರಕ್ಕೆ ಹೋಗಿದ್ದೆವು. ಹೆಣ್ಣಿನ ಕಡೆಯವರು ನಮ್ಮ ನೆಂಟರಿಗೆಲ್ಲ ಒಂದೇ ಲಾಡ್ಜಿನಲ್ಲಿ ರೂಮು ಮಾಡಿಸಿ ಅವರೇ ದುಡ್ಡು ಕೊಟ್ಟಿದ್ದರು. ಎರಡು ರಾತ್ರಿ ಉಳಿದೆವು. ಮೊದಲ ರಾತ್ರಿಯೇ ನನಗೂ ಆರು ವರ್ಷದ ಮಗಳಿಗೂ ಮೈಯೆಲ್ಲ ತುರಿಕೆ. ಬೆಳಿಗ್ಗೆ ಹಾಸಿಗೆ ಎತ್ತಿ ನೋಡಿದರೆ ಮಂಚದ ಸಂದಿಯಲ್ಲಿ ತಿಗಣೆ! ಫೋನಿನಲ್ಲಿ ಫೋಟೊ ತೆಗೆದುಕೊಂಡೆ. ಕೌಂಟರಿನಲ್ಲಿ ಹೇಳಿದ್ದಕ್ಕೆ ಬೆಡ್‌ಶೀಟ್ ಬದಲಾಯಿಸಿದರು, ಅಷ್ಟೆ. ಮಗಳು ಕೆರೆದೂ ಕೆರೆದೂ ಕಾಲಿನಲ್ಲಿ ಕೀವಾಗಿ ಆಸ್ಪತ್ರೆಗೆ ಅಲೆಯಬೇಕಾಯಿತು. ಈಗ ನಮ್ಮ ಮನೆಯ ಹಾಸಿಗೆಗೂ ತಿಗಣೆ ಬಂದಿದೆ. ಲಾಡ್ಜಿನ ಮಾಲೀಕರಿಗೆ ಫೋನ್ ಮಾಡಿದರೆ, "ನಿಮ್ ಬ್ಯಾಗಲ್ಲೇ ಬಂದಿರ್ಬೇಕಮ್ಮ, ಬೇಕಿದ್ರೆ ಐನೂರು ರೂಪಾಯಿ ಕಳಿಸ್ತೀನಿ, ಬಿಟ್ಬಿಡಿ" ಅಂದರು. ನಮ್ಮ ಮನೆಯವರು, "ತಿಗಣೆ ಕಚ್ತು ಅಂತ ಕೋರ್ಟಿಗೆ ಹೋದ್ರೆ ಊರವರು ನಗ್ತಾರೆ" ಅನ್ನುತ್ತಾರೆ. ಅತ್ತೆಗೆ ಇದು ಉಣುಗಿರಬಹುದು, ಮಂಗನ ಕಾಯಿಲೆ ಬಂದೀತು ಎಂಬ ಹೆದರಿಕೆ. ಶಿಕಾರಿಪುರದಲ್ಲಿ ಓದುತ್ತಿರುವ ನನ್ನ ತಮ್ಮನ ಬಾಡಿಗೆ ರೂಮಿನಲ್ಲೂ ಇದೇ ಕಾಟ. ಓನರ್ ಕೇಳಿಸಿಕೊಳ್ಳುತ್ತಿಲ್ಲ. ಕಾನೂನಿನಲ್ಲಿ ಇದಕ್ಕೆಲ್ಲ ದಾರಿ ಇದೆಯೇ?
– ಹೆಸರು ಬೇಡ, ಸೊರಬ ತಾಲ್ಲೂಕು

ಉತ್ತರ: ದಾರಿ ಇದೆ ತಂಗಿ. ಆದರೆ ಮೊದಲು ಮಗುವಿನ ವಿಷಯ.

ಅತ್ತೆಯವರ ಹೆದರಿಕೆ ಸುಮ್ಮನೆ ಹುಟ್ಟಿದ್ದಲ್ಲ. 1957ರಲ್ಲಿ ಮಂಗನ ಕಾಯಿಲೆ ಮೊದಲು ಪತ್ತೆಯಾಗಿದ್ದೇ ನಿಮ್ಮ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಆದರೆ ಅದನ್ನು ಹರಡುವುದು ಕಾಡಿನ ಉಣುಗು. ಮಂಚದ ಸಂದಿಯಲ್ಲಿ ನೀವು ಕಂಡ ತಿಗಣೆಯಿಂದ ಮನುಷ್ಯರಿಗೆ ಇಂಥ ಕಾಯಿಲೆ ಹರಡುವುದು ಸಾಬೀತಾಗಿಲ್ಲ. ಅದು ಕೊಡುವ ತೊಂದರೆಯೇ ಬೇರೆ: ದದ್ದು, ತುರಿಕೆ, ಕೆರೆದ ಗಾಯಕ್ಕೆ ಸೋಂಕು, ನಿದ್ದೆಗೇಡು. ಮಗುವಿಗೆ ಜ್ವರ, ತಲೆನೋವು ಬಂದರೆ ಮಾತ್ರ ತಡಮಾಡದೆ ವೈದ್ಯರಿಗೆ ತೋರಿಸಿ. ಗಾಯ ಇನ್ನೂ ಮಾಗಿಲ್ಲವಾದರೆ ನಾಳೆಯೇ ಮತ್ತೊಮ್ಮೆ ಸರ್ಕಾರಿ ಆಸ್ಪತ್ರೆಗೆ ಹೋಗಿ. ಕಲೆಗಳು ಎಲ್ಲೆಲ್ಲಿವೆ, ಸೋಂಕು ಎಷ್ಟಾಗಿತ್ತು, ಯಾವ ತಾರೀಖಿನಿಂದ ತೊಂದರೆ ಎಂಬುದನ್ನು ಚೀಟಿಯಲ್ಲಿ ಬರೆದುಕೊಡುವಂತೆ ಕೇಳಿ. ಹಿಂದಿನ ಓಪಿಡಿ ಚೀಟಿ, ಔಷಧಿ ಅಂಗಡಿಯ ಬಿಲ್ಲು ಎಲ್ಲವನ್ನೂ ಒಂದೇ ಕವರಿನಲ್ಲಿಡಿ. ಚಿಕಿತ್ಸೆಯ ಈ ಕಾಗದಗಳೇ ಮುಂದೆ ನಿಮ್ಮ ಸಾಕ್ಷ್ಯ.

ಇನ್ನು ನಾಚಿಕೆಯ ಮಾತು. ತಿಗಣೆ ಬಂದಿತೆಂದರೆ ಮನೆ ಕೊಳಕು ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಅದು ಸರಿಯಲ್ಲ. ತಿಗಣೆಗೆ ಬೇಕಾದದ್ದು ಮಲಗಿರುವ ಮನುಷ್ಯನ ರಕ್ತ ಮತ್ತು ಅಡಗಲು ಒಂದು ಸಂದಿ. ಅದಕ್ಕೆ ರೆಕ್ಕೆಯಿಲ್ಲ. ಚೀಲ, ಬಟ್ಟೆ, ಹಾಸಿಗೆ ಹಿಡಿದುಕೊಂಡೇ ಊರಿಂದೂರಿಗೆ ಹೋಗುತ್ತದೆ. ತಿಂಗಳುಗಟ್ಟಲೆ ರಕ್ತವಿಲ್ಲದೆಯೂ ಬದುಕುತ್ತದೆ. ಈ ನಾಚಿಕೆಯಿಂದಲೇ ಜನ ಬಾಯಿ ಬಿಡುವುದಿಲ್ಲ, ಲಾಡ್ಜಿನವರಿಗೆ ಬೇಕಾಗಿರುವುದೂ ಅದೇ. ಮಗಳ ಕಾಲು ಕೀವಾದ ವಿಷಯ ಕೇಳಿ ನಗುವವರು ನಗಲಿ. ನಿಮ್ಮ ಮನೆಯವರಿಗೆ ಈ ಉತ್ತರವನ್ನು ಪೂರ್ತಿ ಓದಿ ಹೇಳಿ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 'ಸೇವೆ' ಎಂದರೇನು ಎಂದು ವಿವರಿಸುವಾಗ ಊಟ-ವಸತಿಯನ್ನು ಹೆಸರಿಸಿಯೇ ಹೇಳುತ್ತದೆ. ಹಾಗಾಗಿ ಲಾಡ್ಜ್ ಈ ಕಾಯ್ದೆಗೆ ಒಳಪಡುತ್ತದೋ ಇಲ್ಲವೋ ಎಂಬ ಅನುಮಾನವೇ ಬೇಡ. ದುಡ್ಡು ಕೊಟ್ಟವರು ನೀವಲ್ಲ ಎಂಬುದೂ ಅಡ್ಡಿಯಲ್ಲ. ಹಣ ಕೊಟ್ಟವರ ಒಪ್ಪಿಗೆಯಿಂದ ಸೇವೆ ಪಡೆದವರೂ ಗ್ರಾಹಕರೇ ಎಂದು ಕಾಯ್ದೆ ಹೇಳುತ್ತದೆ. ಮದುವೆಮನೆಯವರು ಮಾಡಿಸಿದ ರೂಮುಗಳಿಗೆ ಈ ಮಾತು ಹೇಳಿ ಮಾಡಿಸಿದಂತಿದೆ. ಮಗಳು ಅಪ್ರಾಪ್ತಳಾದ್ದರಿಂದ ಅವಳ ಪರವಾಗಿ ನೀವೇ ದೂರು ಕೊಡಬಹುದು.

ಆದರೆ ರೂಮಿನಲ್ಲಿ ತಿಗಣೆ ಇತ್ತು ಎಂದಷ್ಟೇ ಹೇಳಿದರೆ ಪ್ರಕರಣ ಗಟ್ಟಿಯಾಗದು. ಎಷ್ಟೇ ಚೊಕ್ಕಟವಾಗಿಟ್ಟ ಲಾಡ್ಜಿಗೂ ನಿನ್ನೆ ಬಂದವರ ಚೀಲದಿಂದ ಇಂದು ತಿಗಣೆ ಬರಬಹುದು. ಮಾಲೀಕರಿಗೆ ಅದು ಯಾವಾಗ ಗೊತ್ತಾಯಿತು, ಗೊತ್ತಾದ ಮೇಲೆ ಏನು ಮಾಡಿದರು ಎಂಬುದೇ ಮುಖ್ಯ ಪ್ರಶ್ನೆ. ನಷ್ಟ ತಂದ ನಿರ್ಲಕ್ಷ್ಯವನ್ನೂ, ಗ್ರಾಹಕರಿಗೆ ತಿಳಿಸಬೇಕಾದ ವಿಷಯವನ್ನು ಬೇಕೆಂದೇ ಮುಚ್ಚಿಡುವುದನ್ನೂ ಕಾಯ್ದೆ 'ಸೇವಾ ನ್ಯೂನತೆ' ಎಂದೇ ಪರಿಗಣಿಸುತ್ತದೆ.

ಅಮೆರಿಕದ ಒಂದು ಪ್ರಕರಣ ಇದನ್ನು ಚೆನ್ನಾಗಿ ತೋರಿಸುತ್ತದೆ. ಷಿಕಾಗೋದ ಮೋಟೆಲ್ 6 ಎಂಬ ವಸತಿಗೃಹದಲ್ಲಿ 191 ಕೋಣೆಗಳಿದ್ದವು. 1998ರಲ್ಲೇ ಕೀಟ ನಿಯಂತ್ರಣ ಸಂಸ್ಥೆಯೊಂದು ಅಲ್ಲಿ ತಿಗಣೆ ಕಂಡು, 500 ಡಾಲರಿಗೆ ಎಲ್ಲ ಕೋಣೆಗಳಿಗೂ ಔಷಧಿ ಹೊಡೆದುಕೊಡುವುದಾಗಿ ಹೇಳಿತ್ತು. ಆಡಳಿತದವರು ಒಪ್ಪಲಿಲ್ಲ. ಅತಿಥಿಗಳು ದೂರಿದರೆ 'ತಿಗಣೆ' ಎನ್ನದೆ 'ಉಣುಗು' ಎನ್ನಬೇಕೆಂದು ಕೌಂಟರಿನವರಿಗೆ ಹೇಳಿಕೊಟ್ಟಿದ್ದರು. ಔಷಧಿ ಹೊಡೆಯುವವರೆಗೆ ಯಾರಿಗೂ ಕೊಡಬಾರದು ಎಂದು ತಾವೇ ಗುರುತು ಹಾಕಿಟ್ಟಿದ್ದ 504ನೇ ಕೋಣೆಯನ್ನು 2000ದ ನವೆಂಬರಿನಲ್ಲಿ ಇಬ್ಬರಿಗೆ ಬಾಡಿಗೆಗೆ ಕೊಟ್ಟರು. 2003ರಲ್ಲಿ ಮೇಲ್ಮನವಿ ನ್ಯಾಯಾಲಯದ ನ್ಯಾಯಾಧೀಶ ರಿಚರ್ಡ್ ಪೋಸ್ನರ್ ಅವರ ತೀರ್ಪು ಆ ಇಬ್ಬರಿಗೂ ತಲಾ 5,000 ಡಾಲರ್ ಪರಿಹಾರವನ್ನೂ, ಅದರ ಮೇಲೆ ದಂಡರೂಪವಾಗಿ ತಲಾ 1,86,000 ಡಾಲರನ್ನೂ ಎತ್ತಿಹಿಡಿಯಿತು. ಅಷ್ಟು ದೊಡ್ಡ ದಂಡ ಬಿದ್ದದ್ದು ಕಚ್ಚಿದ ತಿಗಣೆಗಲ್ಲ, ಗೊತ್ತಿದ್ದೂ ಕೋಣೆ ಕೊಟ್ಟದ್ದಕ್ಕೆ. ಅಮೆರಿಕದ ತೀರ್ಪಿಗೆ ನಮ್ಮ ಗ್ರಾಹಕ ಆಯೋಗ ಬದ್ಧವಲ್ಲ, ಅಂಥ ಮೊತ್ತವೂ ಇಲ್ಲಿ ಸಿಗದು. ಆದರೆ ಪ್ರಕರಣವನ್ನು ಹೇಗೆ ಕಟ್ಟಬೇಕು ಎಂಬುದನ್ನು ಇದರಿಂದ ಕಲಿಯಬಹುದು.

ನಿಮ್ಮ ಪತ್ರದಲ್ಲೇ ಒಂದು ಗಟ್ಟಿ ಅಂಶವಿದೆ. ಮೊದಲ ಬೆಳಿಗ್ಗೆ ನೀವು ಕೌಂಟರಿನಲ್ಲಿ ಹೇಳಿದ್ದೀರಿ. ಅಂದರೆ ಎರಡನೆಯ ರಾತ್ರಿಯ ಹೊತ್ತಿಗೆ ಅವರಿಗೆ ವಿಷಯ ಗೊತ್ತಿತ್ತು. ಗೊತ್ತಿದ್ದೂ ಬೇರೆ ರೂಮು ಕೊಡದೆ ಬೆಡ್‌ಶೀಟ್ ಮಾತ್ರ ಬದಲಾಯಿಸಿದರು. ನೀವು ಹೇಳಿದ್ದನ್ನು ಕೇಳಿದವರು ಯಾರಾದರೂ ಇದ್ದರೇ? ವಾಟ್ಸ್ಆ್ಯಪಿನಲ್ಲಿ ಯಾರಿಗಾದರೂ ಆ ಬೆಳಿಗ್ಗೆ ಫೋಟೊ ಕಳಿಸಿದ್ದೀರಾ? ಆ ಸಂದೇಶದ ಸಮಯವೇ ಸಾಕ್ಷಿ. ಮೂಲ ಫೋಟೊಗಳನ್ನು ಅಳಿಸಬೇಡಿ, ಫೋನ್ ಬದಲಾಯಿಸುವುದಿದ್ದರೆ ಹಳೆಯದನ್ನು ಇಟ್ಟುಕೊಂಡಿರಿ. ಐನೂರು ರೂಪಾಯಿ ಕೊಡುವ ಮಾತು ಫೋನಿನಲ್ಲಿ ಆಗಿದೆ. ಅದನ್ನೇ ಈಗ ಒಂದು ಸಂದೇಶವಾಗಿ ಬರೆದು ಕಳಿಸಿ: ಇಂಥ ದಿನ ಫೋನಿನಲ್ಲಿ ನೀವು ಹೀಗೆ ಹೇಳಿದಿರಿ, ನನಗೆ ಅದು ಒಪ್ಪಿಗೆಯಿಲ್ಲ ಎಂದು. ಆ ಹಣ ತೆಗೆದುಕೊಂಡು 'ಇನ್ನೇನೂ ತಕರಾರಿಲ್ಲ' ಎಂದು ಮಾತ್ರ ಬರೆದುಕೊಡಬೇಡಿ.

ಪಕ್ಕದ ರೂಮುಗಳಲ್ಲಿದ್ದ ನೆಂಟರನ್ನು ವಿಚಾರಿಸಿ. ಅವರಿಗೂ ಕಚ್ಚಿದ್ದರೆ 'ನಿಮ್ಮ ಬ್ಯಾಗಲ್ಲೇ ಬಂದಿರಬೇಕು' ಎಂಬ ಮಾತು ನಿಲ್ಲುವುದಿಲ್ಲ. ಕೆಲವರಿಗೆ ದದ್ದು ಏಳುವುದೇ ಇಲ್ಲ, ಕೆಲವರಿಗೆ ಹಲವು ದಿನ ಬಿಟ್ಟು ಏಳುತ್ತದೆ. ಹಾಗಾಗಿ ಒಂದೇ ಮಂಚದಲ್ಲಿ ಮಲಗಿದ ಒಬ್ಬರಿಗೆ ಏನೂ ಆಗಲಿಲ್ಲ ಎಂಬ ಕಾರಣಕ್ಕೆ ನಿಮ್ಮ ದೂರು ಸುಳ್ಳಾಗದು. ನಿಮಗಿಂತ ಮೊದಲು ಉಳಿದವರು ಅಂತರ್ಜಾಲದಲ್ಲಿ ತಿಗಣೆಯ ಬಗ್ಗೆ ಬರೆದಿದ್ದರೆ ತಾರೀಖು ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡಿ, ಮಾಲೀಕರಿಗೆ ಮೊದಲೇ ಗೊತ್ತಿತ್ತು ಎನ್ನುವುದಕ್ಕೆ ಅದು ಆಧಾರವಾದೀತು. ಲಾಡ್ಜಿನ ರಿಜಿಸ್ಟರು, ಔಷಧಿ ಹೊಡೆಸಿದ ಬಿಲ್ಲುಗಳು ಅವರ ಬಳಿಯೇ ಇರುತ್ತವೆ, ಅವನ್ನು ಹಾಜರುಪಡಿಸಲು ಆದೇಶಿಸುವ ಅಧಿಕಾರ ಆಯೋಗಕ್ಕಿದೆ. ಬಿಲ್ಲು ಕೊಟ್ಟಿರಲಿಲ್ಲವೆಂದರೆ ಚಿಂತೆಯಿಲ್ಲ, ರಶೀದಿ ಕೊಡದಿರುವುದೇ ಅನುಚಿತ ವ್ಯಾಪಾರ ಪದ್ಧತಿ. ಬೀಗರು ಹಣ ಕಳಿಸಿದ ಯುಪಿಐ ದಾಖಲೆ ಕೇಳಿ ಪಡೆಯಿರಿ.

ಲಾಡ್ಜಿನ ಹೆಸರು ಹಾಕಿ ಸ್ಟೇಟಸ್ಸಿನಲ್ಲಿ ಬೈದು ಬರೆಯಬೇಡಿ. ಮಾನಹಾನಿಯ ನೋಟಿಸು ನಿಮಗೇ ಬಂದೀತು.

ಎಷ್ಟು ಸಿಗಬಹುದು? ಹತ್ತಿರದ ಉದಾಹರಣೆ ಮಂಗಳೂರಿನದು. 2022ರ ಆಗಸ್ಟ್‌ನಲ್ಲಿ ಖಾಸಗಿ ಸ್ಲೀಪರ್ ಬಸ್ಸಿನಲ್ಲಿ ಬೆಂಗಳೂರಿಗೆ ಹೊರಟ ಮಹಿಳೆಯೊಬ್ಬರಿಗೆ ದಾರಿಯುದ್ದಕ್ಕೂ ತಿಗಣೆ ಕಚ್ಚಿತು. ಅವರು ದಕ್ಷಿಣ ಕನ್ನಡ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋದರು. ಬಸ್ ಸಂಸ್ಥೆಯೂ ಟಿಕೆಟ್ ಮಾರಿದ ಆ್ಯಪ್ ಸಂಸ್ಥೆಯೂ ಸೇರಿ ಒಂದು ಲಕ್ಷ ರೂಪಾಯಿ ಪರಿಹಾರ, 850 ರೂಪಾಯಿಯ ಟಿಕೆಟ್ ಹಣ, 10,000 ರೂಪಾಯಿ ವ್ಯಾಜ್ಯದ ಖರ್ಚು, ಜೊತೆಗೆ ದಂಡವನ್ನೂ ಕೊಡಬೇಕೆಂದು ಆದೇಶವಾಯಿತು. ಲಾಡ್ಜಿನ ಮಂಚಕ್ಕೂ ಇದೇ ನ್ಯಾಯ ಅನ್ವಯಿಸುತ್ತದೆ. ಎಲ್ಲರಿಗೂ ಲಕ್ಷ ಸಿಗುತ್ತದೆಂದು ಮಾತ್ರ ತಿಳಿಯಬೇಡಿ. ಮಗಳ ಚಿಕಿತ್ಸೆ, ಓಡಾಟ, ಮನೆಗೆ ಔಷಧಿ ಹೊಡೆಸಿದ್ದು, ಎಸೆದ ಹಾಸಿಗೆಯ ಬೆಲೆ, ತಪ್ಪಿದ ಕೂಲಿ ಅಥವಾ ಸಂಬಳ ಎಲ್ಲದಕ್ಕೂ ಲೆಕ್ಕ ಕೊಡಿ. ಅದರ ಮೇಲೆ ಮಾನಸಿಕ ಯಾತನೆಗೆ ನಂಬುವಂಥ ಮೊತ್ತ ಕೇಳಿ. ಹತ್ತು ಲಕ್ಷ ಕೇಳಿದರೆ ನಿಮ್ಮ ಮಾತಿನ ತೂಕವೇ ಕಡಿಮೆಯಾಗುತ್ತದೆ.

ಮೊದಲ ಹೆಜ್ಜೆ ನೋಟಿಸ್. ನಡೆದದ್ದನ್ನು ಕನ್ನಡದಲ್ಲೇ ಒಂದು ಪುಟ ಬರೆದು, ಖರ್ಚಿನ ಲೆಕ್ಕ ಹಾಕಿ, ಹದಿನೈದು ದಿನ ಗಡುವು ಕೊಟ್ಟು ಮಾಲೀಕರಿಗೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ವಕೀಲರೇ ಬರೆಯಬೇಕೆಂದಿಲ್ಲ. ಜೊತೆಗೆ 1915ಕ್ಕೆ ಫೋನ್ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸಿ. ಶಿಕಾರಿಪುರ ಪುರಸಭೆಯ ಆರೋಗ್ಯ ನಿರೀಕ್ಷಕರಿಗೂ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಅವರು ಹಣ ಕೊಡಿಸಲಾರರು, ಆದರೆ ಲಾಡ್ಜಿಗೆ ಬಂದು ತಪಾಸಣೆ ಮಾಡಿ ಬರೆದ ವರದಿ ನಿಮಗೆ ನೆರವಾಗುತ್ತದೆ. ಇಷ್ಟಕ್ಕೂ ಜಗ್ಗದಿದ್ದರೆ ಶಿವಮೊಗ್ಗದ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು. ಸೇವೆಗೆ ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಇ-ಜಾಗೃತಿ ಜಾಲತಾಣದಲ್ಲಿ ಮನೆಯಿಂದಲೇ ಸಲ್ಲಿಸಬಹುದು, ವಿಡಿಯೊ ಮೂಲಕ ಹಾಜರಾಗಲು ಅನುಮತಿಯನ್ನೂ ಕೇಳಬಹುದು, ಪ್ರತಿ ತಾರೀಖಿಗೂ ಸೊರಬದಿಂದ ಬಸ್ಸು ಹತ್ತಬೇಕಿಲ್ಲ. ಈ ಅಂಕಣ ಓದುವ ಬೇರೆಯವರಿಗೂ ಒಂದು ಮಾತು: ಜಿಲ್ಲೆಯಾಚೆಯ ಯಾವುದೋ ಕ್ಷೇತ್ರಕ್ಕೆ ಹೋಗಿ ಅಲ್ಲಿನ ಲಾಡ್ಜಿನಲ್ಲಿ ಕಚ್ಚಿಸಿಕೊಂಡಿದ್ದರೂ, ನೀವು ವಾಸವಿರುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಲು 2019ರ ಕಾಯ್ದೆ ಅವಕಾಶ ಕೊಟ್ಟಿದೆ. ಮೂರು ತಿಂಗಳಲ್ಲಿ ತೀರ್ಮಾನವಾಗಬೇಕೆಂದು ಕಾಯ್ದೆ ಬಯಸುತ್ತದೆ, ನಡೆಯುವಾಗ ಹೆಚ್ಚೇ ಹಿಡಿಯುತ್ತದೆ. ತಾಳ್ಮೆ ಬೇಕು. ಆದೇಶವಾದ ಮೇಲೂ ಹಣ ಕೊಡದಿದ್ದರೆ ಜೈಲು ಶಿಕ್ಷೆಯವರೆಗೆ ಕ್ರಮವಿದೆ.

ಪೊಲೀಸರ ಬಳಿ ಹೋಗಬೇಕೇ? ನಿಮ್ಮ ಪ್ರಕರಣದಲ್ಲಿ ಬೇಡ, ಅಲ್ಲಿ ಕಾಲ ವ್ಯರ್ಥವಾಗುತ್ತದೆ.

ಈಗ ತಮ್ಮನ ರೂಮು. ಊಟ, ಹಾಸಿಗೆ, ಸ್ವಚ್ಛತೆ ಸೇರಿಸಿ ಹಣ ಪಡೆಯುವ ಪಿ.ಜಿ. ಆಗಿದ್ದರೆ ನಿಮಗೆ ಹೇಳಿದ ದಾರಿಯೇ ಅವನಿಗೂ. ಬರೀ ನಾಲ್ಕು ಗೋಡೆ ಬಾಡಿಗೆಗೆ ಕೊಟ್ಟಿದ್ದರೆ ಗ್ರಾಹಕ ಆಯೋಗ ಸಾಮಾನ್ಯವಾಗಿ ಕೈಹಾಕುವುದಿಲ್ಲ. ಆಗ 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಂ ನೋಡಬೇಕು. ಬಾಡಿಗೆದಾರನ ಕಣ್ಣಿಗೆ ಸುಲಭವಾಗಿ ಬೀಳದ, ಓನರಿಗೆ ಗೊತ್ತಿರುವ ದೊಡ್ಡ ದೋಷವನ್ನು ಮೊದಲೇ ತಿಳಿಸುವುದು ಓನರಿನ ಹೊಣೆ ಎನ್ನುತ್ತದೆ ಅದು. ಹಿಂದಿನ ಬಾಡಿಗೆದಾರರು ತಿಗಣೆಯ ಕಾರಣಕ್ಕೇ ಬಿಟ್ಟುಹೋಗಿದ್ದರೇ ಎಂದು ಅವನು ವಿಚಾರಿಸಲಿ. ಕೋಪದಲ್ಲಿ ಬಾಡಿಗೆ ಮುರಿದುಕೊಳ್ಳುವುದು ಬೇಡ. ಅದು ಓನರಿಗೇ ನೆಪವಾಗುತ್ತದೆ. ಬರವಣಿಗೆಯಲ್ಲಿ ದೂರು ಕೊಟ್ಟು, ಸರಿಯಾಗದಿದ್ದರೆ ಕರಾರು ನೋಡಿಕೊಂಡು, ಕರಾರಿಲ್ಲದ ತಿಂಗಳ ಬಾಡಿಗೆಯಾದರೆ ಹದಿನೈದು ದಿನಗಳ ನೋಟಿಸ್ ಕೊಟ್ಟು ಖಾಲಿ ಮಾಡಿ ಅಡ್ವಾನ್ಸ್ ವಾಪಸ್ ಕೇಳಲಿ. ಇಷ್ಟು ಚಿಕ್ಕ ಮೊತ್ತಕ್ಕೆ ಸಿವಿಲ್ ದಾವೆ ಹೂಡುವುದಕ್ಕಿಂತ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಕೂರಿಸಿ ಮಾತಾಡಿಸುವುದೇ ಮೇಲು ಎನ್ನುವುದು ನನ್ನ ಅಭಿಪ್ರಾಯ.

ಓನರ್ ಔಷಧಿ ಹೊಡೆಸಲು ಒಪ್ಪಿದರೆ ಅಲ್ಲಿ ಇನ್ನೂ ದೊಡ್ಡ ಎಚ್ಚರ ಬೇಕು. 2022ರ ಆಗಸ್ಟ್‌ನಲ್ಲಿ ಬೆಂಗಳೂರಿನ ವಸಂತನಗರದಲ್ಲಿ, ತಿಗಣೆಗೆಂದು ಔಷಧಿ ಹೊಡೆಸಿದ್ದ ಬಾಡಿಗೆ ಮನೆಗೆ ಊರಿನಿಂದ ಮರಳಿದ ಕುಟುಂಬವೊಂದು ಅಸ್ವಸ್ಥವಾಯಿತು, ಎಂಟು ವರ್ಷದ ಮಗಳು ತೀರಿಕೊಂಡಳು. ಮನೆ ಮಾಲೀಕರ ಮೇಲೆ ಪ್ರಕರಣ ದಾಖಲಾಯಿತು. ಪೊಲೀಸರ ಕೆಲಸ ಬರುವುದು ಇಂಥಲ್ಲಿ. ವ್ಯಾಪಾರಕ್ಕಾಗಿ ಕೀಟ ನಿಯಂತ್ರಣ ಮಾಡುವವರಿಗೆ ಪರವಾನಗಿ ಇರಲೇಬೇಕು. ಯಾವ ಔಷಧಿ, ಎಷ್ಟು ಗಂಟೆ ಒಳಗೆ ಹೋಗಬಾರದು ಎಂಬುದನ್ನು ಬರೆಸಿಕೊಳ್ಳದೆ ತಮ್ಮ ಆ ರೂಮಿನಲ್ಲಿ ಮಲಗಕೂಡದು. ನಿಮ್ಮ ಮನೆಯಲ್ಲೂ ಗದ್ದೆಗೆ, ತೋಟಕ್ಕೆ ತಂದಿಟ್ಟ ಕೀಟನಾಶಕವನ್ನು ಹಾಸಿಗೆಗೆ ಹೊಡೆಯಬೇಡಿ, ಕಾಳಿನ ಡಬ್ಬಿಗೆ ಹಾಕುವ ವಿಷದ ಮಾತ್ರೆಯನ್ನು ಮಲಗುವ ಕೋಣೆಗೆ ತರಲೇಬೇಡಿ. ಬಟ್ಟೆ, ಹೊದಿಕೆಗಳನ್ನು 60 ಡಿಗ್ರಿ ಬಿಸಿನೀರಿನಲ್ಲಿ ಒಗೆದರೆ ತಿಗಣೆಯೂ ಮೊಟ್ಟೆಯೂ ಸಾಯುತ್ತವೆ. ಬರೀ ಬಿಸಿಲಿಗೆ ಹಾಕಿದರೆ ದಪ್ಪ ಹಾಸಿಗೆಯ ಒಳಗೆ ಅಡಗಿದ್ದು ಉಳಿದುಬಿಡುತ್ತದೆ. ಮಂಚದ ಸಂದಿಗಳಿಗೆ ಕುದಿಯುವ ನೀರು ಹಾಕುವ ನಮ್ಮ ಹಳೆಯ ರೂಢಿ ಒಳ್ಳೆಯದೇ, ಮಗುವನ್ನು ದೂರವಿಟ್ಟು ಮಾಡಿ.

ಆಯೋಗಕ್ಕೆ ಹೋಗಲು ನಿಮಗೆ ಎರಡು ವರ್ಷ ಕಾಲಾವಕಾಶವಿದೆ. ಆದರೆ ನೆಂಟರ ನೆನಪು ಮಾಸುವ ಮೊದಲು, ಲಾಡ್ಜಿನವರು ಮಂಚ ಬದಲಾಯಿಸುವ ಮೊದಲು, ಈ ವಾರವೇ ನೋಟಿಸ್ ಹೋಗಲಿ. ಬರೆಯಲು ಕೈ ತಡವರಿಸಿದರೆ ಸೊರಬದ ನ್ಯಾಯಾಲಯದ ಆವರಣದಲ್ಲಿರುವ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಮಹಿಳೆಯರಿಗೆ ಅಲ್ಲಿ ಆದಾಯದ ಮಿತಿಯಿಲ್ಲ, ವಕೀಲರ ನೆರವು ಉಚಿತ.