ಎಲೆಯ ಕೆಂಬೆಳಕು

ಹಾನಗಲ್ಲಿನ ಭತ್ತದ ಗದ್ದೆಯಲ್ಲಾಗಲಿ, ಶಿಗ್ಗಾಂವಿ, ಹಿರೇಕೆರೂರುಗಳ ಗೋವಿನಜೋಳದ ಹೊಲಗಳಲ್ಲಾಗಲಿ, ಸವಣೂರಿನ ಎಲೆಬಳ್ಳಿಯ ತೋಟದಲ್ಲಾಗಲಿ, ಬೆಳೆಗೆ ಬಾಧೆ ತಟ್ಟಿತೆಂಬುದು ರೈತನಿಗೆ ತಿಳಿಯುವುದು ಎಲೆ ಹಳದಿಯಾದಾಗ, ಇಲ್ಲವೆ ಬಾಡಿದಾಗ. ಅಷ್ಟರಲ್ಲಿ ಇಳುವರಿಯ ಒಂದು ಪಾಲು ಕೈತಪ್ಪಿರುತ್ತದೆ. ಕಣ್ಣಿಗೆ ಕಾಣುವ ಮೊದಲೇ ಎಲೆಯ ಸಂಕಟವನ್ನು ಅರಿಯಲಾದೀತೆ? ಎಲೆ ತಾನೇ ಹೊರಸೂಸುವ ಮಂದವಾದ ಕೆಂಬೆಳಕು ಇದಕ್ಕೆ ನೆರವಾಗುತ್ತದೆ.

ಮೊದಲು ಒಂದು ಸುಲಭ ಪ್ರಯೋಗವನ್ನು ಮಾಡೋಣ. ನಾಲ್ಕಾರು ವೀಳ್ಯದೆಲೆಗಳನ್ನು ಅರೆದು, ಸ್ಪಿರಿಟ್ಟಿನಲ್ಲಿ ಕದಡಿ, ಸೋಸಿ, ಗಾಜಿನ ಲೋಟಕ್ಕೆ ಹಾಕೋಣ. ಬೆಂಕಿ ಹತ್ತಿರವಿರಕೂಡದು. ಕತ್ತಲೆಯ ಕೋಣೆಯಲ್ಲಿ, ನೋಟು ಪರೀಕ್ಷಿಸುವ ನೇರಿಳೆ ಟಾರ್ಚಿನ ಬೆಳಕನ್ನು ಅದರ ಮೇಲೆ ಬಿಟ್ಟು ಪಕ್ಕದಿಂದ ನೋಡಿದರೆ, ಹಸಿರು ದ್ರವವು ಕೆಂಪಾಗಿ ಹೊಳೆಯುತ್ತದೆ. ಇದೇ ಪ್ರತಿದೀಪ್ತಿ. ಡೇವಿಡ್ ಬ್ರೂಸ್ಟರ್ ಎಂಬ ವಿಜ್ಞಾನಿ ಇದನ್ನು ೧೮೩೪ರಲ್ಲಿಯೇ ವರ್ಣಿಸಿದ್ದನು.

ಪತ್ರಹರಿತ್ತು ಹೀರಿದ ಬೆಳಕಿನ ಶಕ್ತಿಗೆ ಮೂರು ದಾರಿಗಳುಂಟು: ಆಹಾರ ತಯಾರಿಕೆ, ಶಾಖ, ಪ್ರತಿದೀಪ್ತಿ. ಲೋಟದಲ್ಲಿ ಮೊದಲನೆಯ ದಾರಿ ಮುಚ್ಚಿಹೋಗಿದೆ. ಆದುದರಿಂದಲೇ ಹೊಳಪು ಹೆಚ್ಚು. ಜೀವಂತ ಎಲೆಯಲ್ಲಿ ನೂರರಲ್ಲಿ ಒಂದೆರಡು ಪಾಲು ಮಾತ್ರ ಹೀಗೆ ಮರಳುತ್ತದೆ. ಕತ್ತಲೆಯಲ್ಲಿಟ್ಟ ಎಲೆಗೆ ಒಮ್ಮೆಲೇ ಬೆಳಕು ಬಿಟ್ಟರೆ ಈ ಹೊಳಪು ಥಟ್ಟನೆ ಏರಿ, ಬಳಿಕ ಮೆಲ್ಲನೆ ಇಳಿಯುವುದೆಂದು ೧೯೩೧ರಲ್ಲಿ ಕೌಟ್ಸ್ಕಿ ಮತ್ತು ಹಿರ್ಷ್ ಕಂಡುಕೊಂಡರು. ಆಹಾರ ತಯಾರಿಕೆ ಪೂರ್ಣವಾಗಿ ಆರಂಭವಾಗುವ ತನಕ ಶಕ್ತಿಯು ಹೊರಚೆಲ್ಲುವುದೇ ಇದರ ಕಾರಣ.

ಇಂದಿನ ಪ್ರತಿದೀಪ್ತಿ ಕ್ಯಾಮೆರಾದ ಆಧಾರವೂ ಇದೇ. ಎಲೆಯನ್ನು ೨೦ರಿಂದ ೩೦ ನಿಮಿಷ ಕತ್ತಲೆಯಲ್ಲಿಟ್ಟು, ಮೊದಲು ಅತಿ ಮಂದವಾದ, ಅನಂತರ ಕ್ಷಣಮಾತ್ರದ ಪ್ರಖರವಾದ ಬೆಳಕನ್ನು ಬಿಟ್ಟು, ಎರಡು ಸಲವೂ ಹೊಳಪನ್ನು ಅಳೆಯುತ್ತಾರೆ. ಮೊದಲನೆಯದು ೧೭, ಎರಡನೆಯದು ೧೦೦ ಎಂದಿಟ್ಟುಕೊಳ್ಳೋಣ. ಅಂತರ ೮೩, ಅದನ್ನು ೧೦೦ರಿಂದ ಭಾಗಿಸಿದರೆ ೦.೮೩. ಆರೋಗ್ಯವಂತ ಎಲೆಗಳಲ್ಲಿ ಬರುವ ಸಂಖ್ಯೆ ಸುಮಾರು ಇಷ್ಟೇ. ಅತಿಯಾದ ಬಿಸಿಲಿನಿಂದಲೋ ಚಳಿಯಿಂದಲೋ ರೋಗದಿಂದಲೋ ಎಲೆಯ ಆಹಾರ ತಯಾರಿಕೆಗೆ ಧಕ್ಕೆಯಾದಲ್ಲಿ ಈ ಸಂಖ್ಯೆ ಇಳಿಯುತ್ತದೆ. ಎಲೆಯ ಯಾವ ಭಾಗದಲ್ಲಿ ಇಳಿದಿದೆಯೆಂಬುದನ್ನು ಕ್ಯಾಮೆರಾ ಬೇರೆ ಬೇರೆ ಬಣ್ಣಗಳಲ್ಲಿ ತೋರಿಸುತ್ತದೆ.

ಆದರೂ ಎರಡು ಎಚ್ಚರಿಕೆಗಳು ಅವಶ್ಯ. ನೀರಿನ ಕೊರತೆಯ ಆರಂಭದಲ್ಲಿ ಎಲೆಯು ತನ್ನ ಪತ್ರರಂಧ್ರಗಳನ್ನು ಮುಚ್ಚಿಕೊಳ್ಳುತ್ತದೆಯೇ ಹೊರತು ಈ ಸಂಖ್ಯೆ ಬಹಳವಾಗಿ ಬದಲಾಗದು. ಆದುದರಿಂದ ಸಂಖ್ಯೆ ಚೆನ್ನಾಗಿದೆಯೆಂದು ನೀರು ಬಿಡುವುದನ್ನು ಮುಂದೂಡಬಾರದು. ಎರಡನೆಯದಾಗಿ, ಜ್ವರಮಾಪಕವು ಜ್ವರವಿದೆಯೆಂದು ಹೇಳುವುದೇ ವಿನಾ ಯಾವ ರೋಗವೆಂದು ಹೇಳದು. ಈ ಚಿತ್ರವೂ ಹಾಗೆಯೇ. ಕಾರಣವನ್ನು ತಿಳಿಯಲು ಬೇರನ್ನೂ ಮಣ್ಣನ್ನೂ ಎಲೆಯ ಹಿಂಬದಿಯನ್ನೂ ನೋಡಲೇಬೇಕು. ಸಂದೇಹ ಉಳಿದರೆ ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರದವರನ್ನು ಕೇಳಬೇಕು. ಎಲೆಯ ಕೆಂಬೆಳಕು ನಮಗೆ ಕೊಡುವುದು ಔಷಧವನ್ನಲ್ಲ, ಕೆಲವು ದಿನಗಳ ಅವಕಾಶವನ್ನು. ಒಕ್ಕಲುತನದಲ್ಲಿ ಅದು ಅಲ್ಪ ಲಾಭವಲ್ಲ.