ಆಸ್ಕರ್‌ಗೆ ಜೊತೆ ಹುಡುಕುವ ಮುನ್ನ

ಮೈಸೂರು

ಪ್ರೀತಿಯ ಪುಟ್ಟಿ,

ನೀನು ಕಳಿಸಿದ ವೀಡಿಯೊ ನೋಡಿದೆ. ಮೊದಲ ಸಂಬಳದಲ್ಲಿ ಮೀನು ತಂದಿದ್ದೀಯ ಅಂತ ನಿನ್ನ ದೊಡ್ಡಮ್ಮನಿಗೆ ಆಶ್ಚರ್ಯ. ನನಗಂತೂ ತುಂಬಾ ಖುಷಿಯಾಯಿತು. ನಮ್ಮ ಮನೆಯಲ್ಲಿ ಈ ಹುಚ್ಚು ನನ್ನ ಕಾಲಕ್ಕೇ ಮುಗಿಯುತ್ತದೇನೋ ಅಂದುಕೊಂಡಿದ್ದೆ. ‘ಒಂದೇ ಇದೆ ದೊಡ್ಡಪ್ಪಾ, ಪಾಪ ಅನ್ನಿಸುತ್ತೆ, ಜೊತೆಗೆ ಯಾವ ಮೀನು ಬಿಡಲಿ?’ ಅಂತ ಕೇಳಿದ್ದೀಯಲ್ಲ, ಫೋನಿನಲ್ಲಿ ಎರಡು ಮಾತಿನಲ್ಲಿ ಹೇಳಿದರೆ ಅರ್ಧ ನಿನ್ನ ಕಿವಿಗೆ ಬೀಳುವುದಿಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಅಂಗಡಿಗೆ ಹೋಗುವ ಮುಂಚೆ ಪೂರ್ತಿ ಓದು.

ಮೊದಲು ನೀನು ತಂದಿರುವುದು ಯಾರನ್ನು ಅಂತ ತಿಳಿದುಕೊ. ಕಪ್ಪು ಮೈಮೇಲೆ ಕಿತ್ತಳೆ ಪಟ್ಟೆ ಇರುವ ಅದು ಟೈಗರ್ ಆಸ್ಕರ್. ಮೂಲ ದಕ್ಷಿಣ ಅಮೆರಿಕದ ಅಮೆಜಾನ್ ಸೀಮೆ. ಬಾಲದ ಬುಡದಲ್ಲಿ ಕಿತ್ತಳೆ ಉಂಗುರದ ನಡುವೆ ಒಂದು ಕಪ್ಪು ಬೊಟ್ಟು ಇದೆ ನೋಡು, ಥೇಟ್ ಕಣ್ಣಿನ ಹಾಗೆ. ಅದರ ಊರಿನಲ್ಲಿ ರೆಕ್ಕೆ ಕಚ್ಚುವ ಮೀನುಗಳು ಜಾಸ್ತಿ. ತಲೆ ಯಾವ ಕಡೆ, ಬಾಲ ಯಾವ ಕಡೆ ಅಂತ ಅವಕ್ಕೆ ಗೊಂದಲವಾಗಲಿ ಅನ್ನುವುದಕ್ಕೇ ಆ ಬೊಟ್ಟು ಅಂತ ತಿಳಿದವರ ಅಂದಾಜು. ಈಗ 2 ಇಂಚು ಇರುವ ಇದು ಚೆನ್ನಾಗಿ ತಿಂದರೆ ಮೊದಲ ತಿಂಗಳುಗಳಲ್ಲಿ ತಿಂಗಳಿಗೆ ಸುಮಾರು ಒಂದು ಇಂಚಿನಂತೆ ಬೆಳೆಯುತ್ತದೆ. ಬೆಳೆದು ನಿಂತಾಗ 12 ಇಂಚು ದಾಟುತ್ತದೆ. ಆಯಸ್ಸು 10 ವರ್ಷಕ್ಕೂ ಮೇಲೆ. ನೀನು ಕೆಲಸ ಬದಲಿಸಿ, ಮನೆ ಬದಲಿಸಿ, ಮದುವೆಯಾಗಿ ಸಂಸಾರ ಹೂಡಿದರೂ ಇದು ನಿನ್ನ ಜೊತೆಗೇ ಇರುತ್ತದೆ. ಆದ್ದರಿಂದ ಜೊತೆಗಾರರನ್ನು ಆರಿಸುವಾಗ ಈಗಿನ ಮರಿಯನ್ನು ನೋಡಿ ಲೆಕ್ಕ ಹಾಕಬೇಡ, ಒಂದು ಅಡಿಯ ಆ ಮೀನನ್ನು ಕಣ್ಣ ಮುಂದೆ ಇಟ್ಟುಕೊ. ಈ ಪತ್ರದಲ್ಲಿ ಬೇರೇನು ಮರೆತರೂ ಇದೊಂದನ್ನು ಮರೆಯಬೇಡ.

ಇವತ್ತು ಸಂಜೆ ಅದಕ್ಕೆ ಕಾಳು ಹಾಕುವಾಗ ಗಾಜಿನ ಹತ್ತಿರ ಮುಖ ಇಟ್ಟು ನೋಡು. ಅದು ಓಡಿಸಿಕೊಂಡು ಹೋಗಿ ಹಿಡಿಯುವುದು ಕಡಿಮೆ. ಹತ್ತಿರ ಬಂದು ಒಂದು ಗಳಿಗೆ ನಿಲ್ಲುತ್ತದೆ. ಎರಡೂ ಕಣ್ಣು ಮುಂದಕ್ಕೆ ತಿರುಗುತ್ತವೆ. ಆಮೇಲೆ ಬಾಯಿ ಕೊಳವೆಯಂತೆ ಮುಂದಕ್ಕೆ ಚಾಚಿ ಥಟ್ಟನೆ ತೆರೆದುಕೊಳ್ಳುತ್ತದೆ, ಅಲ್ಲಿದ್ದ ನೀರು ನೀರಿನೊಳಗಿದ್ದ ಕಾಳನ್ನೂ ಸೇರಿಸಿಕೊಂಡು ಒಳಗೆ ನುಗ್ಗುತ್ತದೆ. ಕಿವಿರಿನ ಮುಚ್ಚಳ ಅಗಲವಾಗಿ ನೀರು ಹಿಂದಿನಿಂದ ಹೊರಗೆ ಹೋಗುತ್ತದೆ, ಪುಡಿಯೂ ಒಂದಿಷ್ಟು ಉದುರುತ್ತದೆ. ಎಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ. ಪಕ್ಕದಲ್ಲಿ ಸುಮ್ಮನೆ ತೇಲುತ್ತಿದ್ದ ಪುಟ್ಟ ಗಪ್ಪಿ ಮೀನಿನ ಕಥೆಯೂ ಹಾಗೆಯೇ ಮುಗಿಯುತ್ತದೆ. ಜಗಳವಿಲ್ಲ, ದ್ವೇಷವಿಲ್ಲ, ಬೆಳಿಗ್ಗೆ ಎದ್ದು ಎಣಿಸಿದರೆ ಒಂದು ಕಡಿಮೆ, ಅಷ್ಟೇ. ‘ಮರಿಯಿಂದ ಒಟ್ಟಿಗೆ ಬೆಳೆದರೆ ಏನೂ ಮಾಡಲ್ಲ’ ಅಂತ ಅಂಗಡಿಯಲ್ಲಿ ಹೇಳುತ್ತಾರೆ. ಒಟ್ಟಿಗೆ ಬೆಳೆದ ಮೀನು ಬಾಯಿಗೆ ಹಿಡಿಯದಷ್ಟು ದೊಡ್ಡದಾಗಿದ್ದರೆ ಮಾತ್ರ ಆ ಮಾತು ನಿಜ.

ಇಲ್ಲಿ ಒಂದು ಸೂಕ್ಷ್ಮ ಇದೆ. ಬರೀ ಉದ್ದ ಅಳೆದರೆ ಸಾಲದು. ನಾಲ್ಕು ಇಂಚಿನ ಸಪೂರ ಮೀನು ಆಸ್ಕರ್‌ನ ಗಂಟಲಿಗೆ ಸಲೀಸಾಗಿ ಇಳಿಯುತ್ತದೆ. ಅದೇ ನಾಲ್ಕು ಇಂಚಿನ, ಆದರೆ ಬೆನ್ನಿನಿಂದ ಹೊಟ್ಟೆಗೆ ಎತ್ತರವಾಗಿರುವ ತಟ್ಟೆಯಾಕಾರದ ಮೀನು ಬಾಯಿಗೇ ಸಿಕ್ಕುವುದಿಲ್ಲ. ಮೈಯ ಎತ್ತರವೇ ಅದರ ರಕ್ಷೆ.

ಈ ಕಾರಣಕ್ಕೇ ನಾನು ನಿನಗೆ ಹೇಳುವ ಮೊದಲ ಹೆಸರು ಸಿಲ್ವರ್ ಡಾಲರ್. ಅವೂ ದಕ್ಷಿಣ ಅಮೆರಿಕದವೇ. ಬೆಳ್ಳಿಯ ಬಣ್ಣ, ದುಂಡು ಮೈ, ಆರು ಇಂಚಿನವರೆಗೆ ಬೆಳೆಯುತ್ತವೆ, ಈಜುವುದರಲ್ಲಿ ಚುರುಕು. ಸೊಪ್ಪು ಸದೆ ತಿನ್ನುವ ಜಾತಿಯಾದ್ದರಿಂದ ಆಸ್ಕರ್‌ನ ಊಟಕ್ಕೆ ಪೈಪೋಟಿಯೂ ಕಡಿಮೆ. ಒಂದೆರಡು ತಂದರೆ ಹೆದರಿ ಮೂಲೆ ಸೇರುತ್ತವೆ, ಐದಾರು ತರಬೇಕು. ಇವು ಇದ್ದರೆ ಇನ್ನೊಂದು ಲಾಭ ಇದೆ, ಅದು ಬಹಳ ಜನಕ್ಕೆ ಗೊತ್ತಿಲ್ಲ. ಆಸ್ಕರ್ ನೋಡಲು ಪೈಲ್ವಾನ, ಒಳಗೆ ಪುಕ್ಕಲು. ತೊಟ್ಟಿ ತೊಳೆದು ಕಲ್ಲು ಆಚೀಚೆ ಇಟ್ಟರೂ ಸಾಕು, ಮುನಿಸಿಕೊಂಡ ಮಗುವಿನಂತೆ ತಳದಲ್ಲಿ ಒಂದು ಪಕ್ಕಕ್ಕೆ ಮಲಗಿಬಿಡುತ್ತದೆ. ಮೊದಲ ಸಲ ನೋಡಿದವರು ಸತ್ತೇ ಹೋಯಿತು ಅಂದುಕೊಳ್ಳುತ್ತಾರೆ. ನೀನೂ ಗಾಬರಿಯಾಗಬೇಡ, ಒಂದಷ್ಟು ಹೊತ್ತು ಬಿಟ್ಟರೆ ಏಳುತ್ತದೆ. ನಡುನೀರಿನಲ್ಲಿ ಒಂದು ಗುಂಪು ನಿಶ್ಚಿಂತೆಯಿಂದ ಓಡಾಡುತ್ತಿದ್ದರೆ, ಅಪಾಯ ಏನೂ ಇಲ್ಲ ಅಂತ ದೊಡ್ಡ ಮೀನಿಗೂ ಧೈರ್ಯ ಬರುತ್ತದೆ, ಹೊರಗೆ ಬರುತ್ತದೆ. ಗಿಡಗಳನ್ನು ಮಾತ್ರ ಮರೆತುಬಿಡು. ಸಿಲ್ವರ್ ಡಾಲರ್ ಮೇಯುತ್ತದೆ, ಉಳಿದದ್ದನ್ನು ಆಸ್ಕರ್ ಕಿತ್ತು ಹಾಕುತ್ತದೆ.

ತಳಕ್ಕೆ ಸಕ್ಕರ್ ಮೀನು ಅಂತ ಎಲ್ಲರೂ ಹೇಳುತ್ತಾರೆ. ಸರಿಯೇ, ಆದರೆ ಎರಡು ಇಂಚಿನ ಮರಿ ತರಬೇಡ. ಅದರ ಮೈ ತುಂಬ ಗಟ್ಟಿ ಕವಚ, ಪಕ್ಕದ ರೆಕ್ಕೆಗಳಲ್ಲಿ ಮುಳ್ಳು. ನುಂಗಲು ಬಂದಾಗ ಆ ಮುಳ್ಳನ್ನು ಅಗಲಿಸಿ ಬಿಗಿಹಿಡಿಯುತ್ತದೆ. ಆಗ ಒಳಗೂ ಹೋಗದೆ ಹೊರಗೂ ಬರದೆ ಗಂಟಲಲ್ಲಿ ಸಿಕ್ಕಿಕೊಂಡು ಎರಡು ಜೀವವೂ ಹೋಗುವುದುಂಟು. ಐದಾರು ಇಂಚು ದಾಟಿದ್ದನ್ನೇ ಕೇಳಿ ತಗೋ. ಅಡಗಲು ಒಂದು ಮರದ ಕೊರಡು ಇಡು, ಅದು ರಾತ್ರಿ ಓಡಾಡುವ ಜೀವ. ಸಕ್ಕರ್ ಇದ್ದರೆ ತೊಟ್ಟಿ ತಾನೇ ಕ್ಲೀನ್ ಆಗುತ್ತದೆ ಅನ್ನುವ ಮಾತನ್ನು ನಂಬಬೇಡ. ಅದೂ ದೊಡ್ಡ ಮೀನೇ, ತಿಂದಷ್ಟೂ ಹಿಕ್ಕೆ ಹಾಕುತ್ತದೆ.

ಅಂಗಡಿಯವರು ನಿನ್ನ ಕೈಗೆ ಕೊಡಲು ನೋಡುವ ಬೇರೆ ಮೀನುಗಳೂ ಇವೆ. ಟೈಗರ್ ಶಾರ್ಕ್ ಅಂತ ಒಂದು ಬರುತ್ತದೆ, ಶಾರ್ಕ್ ಅಲ್ಲ, ಆಗ್ನೇಯ ಏಷ್ಯಾದ ಮೆಕಾಂಗ್ ನದಿಯ ಪಂಗಾಸ್. ಹೋಟೆಲಿನಲ್ಲಿ ಬಾಸಾ ಅಂತ ತಟ್ಟೆಗೆ ಬರುವುದೂ ಬಹಳ ಸಲ ಇದೇ. ಮರಿ ಬೆಳ್ಳಗೆ ಹೊಳೆಯುತ್ತ ಚೆಂದ ಕಾಣುತ್ತದೆ, ಆದರೆ ನದಿಯಲ್ಲಿ ಮೀಟರ್‌ಗೂ ಮೇಲೆ ಬೆಳೆಯುವ ಮೀನು ಅದು. ಬೆಚ್ಚಿಬಿದ್ದರೆ ಗಾಜಿಗೆ ಮೂತಿ ಗುದ್ದಿಕೊಂಡು ಗಾಯ ಮಾಡಿಕೊಳ್ಳುತ್ತದೆ. ರೆಡ್ ಟೇಲ್ ಕ್ಯಾಟ್‌ಫಿಶ್ ಮರಿಯ ಮುದ್ದು ಮೀಸೆಗೆ ಮರುಳಾಗಬೇಡ, ಕೊನೆಗೆ ಅದು ನಿನ್ನ ಆಸ್ಕರನ್ನೇ ನುಂಗುತ್ತದೆ. ಗೋಲ್ಡ್‌ಫಿಶ್ ತಣ್ಣೀರಿನ ನಿಧಾನಿ, ಬೇಡವೇ ಬೇಡ. ಫ್ಲವರ್‌ಹಾರ್ನ್ ಒಬ್ಬಂಟಿ ಅರಸ, ಅದನ್ನು ಒಂದೇ ಸಾಕಬೇಕು. ಆಫ್ರಿಕಾದ ಮಲಾವಿ ಸರೋವರದ ಹಳದಿ, ನೀಲಿ ಸಿಕ್ಲಿಡ್‌ಗಳು ಗಡಸಾದ ಕ್ಷಾರ ನೀರಿನವು, ಜೊತೆಗೆ ಜಗಳಗಂಟರು. ಆಸ್ಕರ್‌ನ ನದಿಗಳ ನೀರು ಮೆದು. ಬೋರ್‌ವೆಲ್ ನೀರಿಗೂ ಆಸ್ಕರ್ ಒಗ್ಗಿಕೊಳ್ಳುತ್ತದೆ ಅನ್ನು, ಆದರೆ ಆ ಇಬ್ಬರ ಸ್ವಭಾವ ಒಂದಕ್ಕೊಂದು ಒಗ್ಗುವುದಿಲ್ಲ.

ಅರೋವಾನ ತಂದರೆ ಮನೆಗೆ ಅದೃಷ್ಟ ಅಂತ ನಿನ್ನ ಸ್ನೇಹಿತೆ ಹೇಳಿದಳು ಅಂತ ಬರೆದಿದ್ದೀಯ. ಸಿಲ್ವರ್ ಅರೋವಾನ ಎರಡೂವರೆ, ಮೂರು ಅಡಿಗೆ ಬೆಳೆಯುತ್ತದೆ. ಅಮೆಜಾನಿನ ಮುಳುಗಡೆ ಕಾಡುಗಳಲ್ಲಿ ನೀರಿನಿಂದ ಹಾರಿ ಕೊಂಬೆಯ ಮೇಲಿನ ಹುಳ ಹಿಡಿಯುವ ಮೀನು, ಮುಚ್ಚಳ ಸಡಿಲವಿದ್ದರೆ ಬೆಳಿಗ್ಗೆ ನೆಲದ ಮೇಲೆ ಬಿದ್ದಿರುತ್ತದೆ. ಮೇಲಿನ ನೀರಿನಲ್ಲಿ ಅದು, ನಡುವೆ ಆಸ್ಕರ್, ತಳದಲ್ಲಿ ಸಕ್ಕರ್, ಹೀಗೆ ಮೂರು ಅಂತಸ್ತು ಹಂಚಿಕೊಂಡು ಬಾಳುವುದು ಸಾಧ್ಯ, ನಿಜ. ಅದಕ್ಕೆ ಎಂಟು ಅಡಿ ಉದ್ದ, ಮೂರು ಅಡಿ ಅಗಲದ ತೊಟ್ಟಿಯಾದರೂ ಬೇಕು. ಕೆಂಪು, ಚಿನ್ನದ ಬಣ್ಣದ ಏಷ್ಯನ್ ಅರೋವಾನದ ಮಾತೇ ಬೇರೆ. 1975ರಿಂದಲೂ ಅದು ಅಂತಾರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ಮೊದಲ ಪಟ್ಟಿಯಲ್ಲಿದೆ. ನಮ್ಮ ವನ್ಯಜೀವಿ ಕಾಯ್ದೆಗೆ 2022ರಲ್ಲಿ ತಿದ್ದುಪಡಿ ಬಂದ ಮೇಲೆ ಆ ಪಟ್ಟಿಯ ಜೀವಿಗಳನ್ನು ಇಟ್ಟುಕೊಂಡವರು ಸರ್ಕಾರಕ್ಕೆ ತಿಳಿಸಿ ನೋಂದಾಯಿಸಬೇಕು. ಕಾಗದಪತ್ರ ಇಲ್ಲದೆ ಯಾರಾದರೂ ಕೊಡಲು ಬಂದರೆ ಮುಟ್ಟಬೇಡ.

ಇನ್ನೊಂದು ಆಸ್ಕರನ್ನೇ ತಂದರೆ? ಆಗಬಹುದು, ಆದರೆ ಅದು ಅದೃಷ್ಟದ ಮಾತು. ಗಂಡೋ ಹೆಣ್ಣೋ ಹೊರನೋಟಕ್ಕೆ ಗೊತ್ತಾಗುವುದಿಲ್ಲ. ದೊಡ್ಡವಾದ ಮೇಲೆ ಎರಡೂ ತುಟಿಗೆ ತುಟಿ ಕಚ್ಚಿಕೊಂಡು ಎಳೆದಾಡುತ್ತವೆ. ಜೋಡಿಯಾಗುವ ಮೊದಲ ಸರಸವೂ ಹಾಗೇ ಕಾಣುತ್ತದೆ, ಕೊಲ್ಲುವ ಕಾಳಗವೂ ಹಾಗೇ. ರೆಕ್ಕೆ ಹರಿದು, ಹುರುಪೆ ಕಿತ್ತು ಬಂದು, ಒಂದು ಮೂಲೆ ಸೇರಿ ಊಟ ಬಿಟ್ಟರೆ ಆ ಕ್ಷಣವೇ ಬೇರೆ ಮಾಡಬೇಕು. ‘ನಾಳೆ ಸರಿಹೋಗುತ್ತೆ’ ಅಂತ ಕಾಯಬಾರದು ಕಣಮ್ಮಾ. ಒಂದೇ ಜಾತಿಯಲ್ಲೂ ಒಂದು ಸಾಧು, ಒಂದು ಪುಂಡ ಇರುತ್ತವೆ. ಪುಸ್ತಕ ಏನೇ ಹೇಳಲಿ, ನಿನ್ನ ತೊಟ್ಟಿಯ ಮೀನಿನ ಗುಣ ನೋಡಿ ನಡೆಯಬೇಕು.

ಈಗ ಜಾಗದ ಲೆಕ್ಕ. ನಿನ್ನ ಎರಡಡಿ ತೊಟ್ಟಿಯಲ್ಲಿ 50 ಲೀಟರ್ ಚಿಲ್ಲರೆ ನೀರು, ಮರಿಗೆ ಕೆಲವು ತಿಂಗಳ ಮಟ್ಟಿಗೆ ಸಾಕು. ಆಸ್ಕರ್ ಮತ್ತು ಒಂದು ಸಕ್ಕರ್‌ಗೆ ನಾಲ್ಕಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರ, ಅಂದರೆ ಸುಮಾರು 450 ಲೀಟರ್ ಇರಲಿ. ಸಿಲ್ವರ್ ಡಾಲರ್ ಗುಂಪೂ ಬೇಕಾದರೆ ಆರಡಿ ಉದ್ದ, ಸುಮಾರು 680 ಲೀಟರ್. ನೀರಿನ ತೂಕವೇ 680 ಕಿಲೋ, ಗಾಜು ಸ್ಟ್ಯಾಂಡು ಬೇರೆ. ನಿನ್ನದು ಬಾಡಿಗೆ ಮನೆ, ಮೇಲಿನ ಮಹಡಿ. ಮಾಲೀಕರನ್ನು ಕೇಳದೆ, ಗೋಡೆಯ ಪಕ್ಕ ಗಟ್ಟಿ ಜಾಗ ನೋಡದೆ ತರಿಸಬೇಡ. ಮಾಂಸ ತಿನ್ನುವ ಮೀನಿನ ಹಿಕ್ಕೆಯಿಂದ ನೀರಿನಲ್ಲಿ ಅಮೋನಿಯ ಬೇಗ ಏರುತ್ತದೆ. ಫಿಲ್ಟರ್‌ನ ಸ್ಪಂಜು, ಕಲ್ಲುಗಳ ಮೇಲೆ ಕೂತ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್, ನೈಟ್ರೇಟ್ ಮಾಡುತ್ತವೆ, ಆ ನೈಟ್ರೇಟನ್ನು ಹೊರಗೆ ಹಾಕುವವಳು ನೀನೇ. ವಾರಕ್ಕೊಮ್ಮೆ ಮೂರನೇ ಒಂದು ಭಾಗ ನೀರು ಬದಲಿಸು, ನಲ್ಲಿಯಲ್ಲಿ ಬರುವ ಕಾವೇರಿ ನೀರಾದರೆ ಆ್ಯಂಟಿ ಕ್ಲೋರಿನ್ ಹಾಕು. ಒಂದೊಂದು ಹೊಸ ಮೀನು ಬಂದಾಗಲೂ ಈ ಹೊರೆ ಹೆಚ್ಚುತ್ತದೆ. ಜೊತೆಗಾರರು ಹೊಡೆದಾಡಿ ಸಾಯುವುದಕ್ಕಿಂತ ಕೆಟ್ಟ ನೀರಿನಲ್ಲಿ ನಿಧಾನವಾಗಿ ಸೊರಗುವುದೇ ನಾನು ಹೆಚ್ಚು ಕಂಡದ್ದು.

ಹೊಸ ಮೀನು ತಂದರೆ ಮೂರು ನಾಲ್ಕು ವಾರ ಬೇರೆ ತೊಟ್ಟಿಯಲ್ಲಿಟ್ಟು ನೋಡು. ಬಿಳಿ ಚುಕ್ಕೆ ರೋಗ, ಹುಳ ಇದ್ದರೆ ಅಲ್ಲೇ ಗೊತ್ತಾಗುತ್ತದೆ. ಸೇರಿಸುವ ದಿನ ಆಸ್ಕರ್‌ಗೆ ಹೊಟ್ಟೆ ತುಂಬ ಹಾಕು, ಕಲ್ಲು ಕೊರಡುಗಳ ಜಾಗ ಬದಲಿಸು. ತನ್ನದು ಅಂದುಕೊಂಡಿದ್ದ ಮೂಲೆ ಕಲೆಸಿಹೋದರೆ ಅದೂ ಹೊಸಬನಂತೆ ನಡೆದುಕೊಳ್ಳುತ್ತದೆ. ದೀಪ ಆರಿಸಿ ಹೊಸ ಮೀನನ್ನು ಬಿಡು. ಅನುಮಾನ ಇದ್ದರೆ ತೂತುಗಳಿರುವ ಅಡ್ಡಹಲಗೆ ಹಾಕಿ ಕೆಲವು ದಿನ ಒಂದನ್ನೊಂದು ಬರೀ ನೋಡುತ್ತಿರಲಿ.

ಜೀವಂತ ಮೀನು ತಿನ್ನಿಸಿ ವೀಡಿಯೊ ಮಾಡುವ ಹುಡುಗರ ಮಾತು ಕೇಳಬೇಡ. ಅಗ್ಗದ ಗೋಲ್ಡ್‌ಫಿಶ್ ಮರಿಗಳ ಜೊತೆ ರೋಗವೂ ಬರುತ್ತದೆ. ಅವುಗಳ ಮಾಂಸದಲ್ಲಿ ಬಿ1 ವಿಟಮಿನ್ ಹಾಳುಮಾಡುವ ಅಂಶ ಇದೆ, ಅವನ್ನೇ ತಿಂದರೆ ಆಸ್ಕರ್ ಸೊರಗುತ್ತದೆ. ಅಲ್ಲದೆ ಓಡಾಡುವ ಪ್ರತಿ ಮೀನೂ ಊಟ ಅನ್ನುವ ಪಾಠವನ್ನು ನಾವೇ ಕಲಿಸಿ, ಆಮೇಲೆ ಜೊತೆಗಾರರನ್ನು ಬಿಡುವುದು ಯಾವ ನ್ಯಾಯ? ಒಳ್ಳೆ ಪೆಲೆಟ್, ಆಗಾಗ ಸಿಪ್ಪೆ ಸುಲಿದ ಸಿಗಡಿ ಸಾಕು.

ಏನೇ ಆದರೂ ಕೆರೆಗೆ ಮಾತ್ರ ಬಿಡಬೇಡ. ಸಾಕಲಾಗದೆ ಬಿಟ್ಟ ಸಕ್ಕರ್ ಮೀನುಗಳು ದೇಶದ ಎಷ್ಟೋ ಕೆರೆ ಹೊಳೆಗಳಲ್ಲಿ ಈಗ ಬಲೆ ತುಂಬ ಬರುತ್ತಿವೆ. 2018ರ ನೆರೆಯಲ್ಲಿ ಸಾಕಣೆ ಜಾಗಗಳಿಂದ ತಪ್ಪಿಸಿಕೊಂಡ ಅರಪೈಮ, ಅಲಿಗೇಟರ್ ಗಾರ್‌ನಂಥ ದೈತ್ಯರು ಕೇರಳದ ನದಿಗಳಲ್ಲಿ ಸಿಕ್ಕಿದವು. ನಿನಗೆ ಕಷ್ಟವಾದರೆ ನನಗೆ ಫೋನ್ ಮಾಡು, ಮನೆ ಹುಡುಕೋಣ.

ಇನ್ನು ನಿನ್ನ ‘ಪಾಪ, ಒಂಟಿ’ ಅನ್ನುವ ಮಾತಿಗೆ ಬರುತ್ತೇನೆ. ಆಸ್ಕರ್ ಗುಂಪಿಲ್ಲದೆ ಕೊರಗುವ ಮೀನಲ್ಲ. ದೊಡ್ಡ ತೊಟ್ಟಿ, ಶುದ್ಧ ನೀರು, ಹೊತ್ತಿಗೆ ಊಟ ಇದ್ದರೆ ಒಂದೇ ಇದ್ದರೂ ಸುಖವಾಗಿರುತ್ತದೆ. ಊಟ ಹಾಕುವವರ ಗುರುತು ಹಿಡಿದು ಗಾಜಿನ ಹತ್ತಿರ ಓಡಿ ಬರುತ್ತದೆ, ನೀನು ಕೋಣೆ ದಾಟುವಾಗ ಕಣ್ಣು ತಿರುಗಿಸುತ್ತದೆ. ಇಕ್ಕಟ್ಟಿನಲ್ಲಿ ನಾಲ್ಕು ಜೊತೆಗಾರರಿಗಿಂತ ಅದಕ್ಕೆ ಬೇಕಾದದ್ದು ಜಾಗ. ನಾಲ್ಕಡಿ ತೊಟ್ಟಿಯಷ್ಟೇ ಆಗುತ್ತದೆ ಅಂದರೆ ಒಂದು ಸಕ್ಕರ್ ಸಾಕು, ಅದೂ ಬೇಡ ಅನ್ನಿಸಿದರೆ ಇನ್ನೂ ಒಳ್ಳೆಯದು.

ಹಬ್ಬಕ್ಕೆ ಬರುತ್ತೀಯಲ್ಲ, ಅಟ್ಟದ ಮೇಲೆ ನನ್ನ ಹಳೆಯ ಎರಡೂವರೆ ಅಡಿ ತೊಟ್ಟಿ ಇದೆ, ತೊಳೆಸಿ ಸೋರುತ್ತದೆಯೋ ನೋಡಿಡುತ್ತೇನೆ. ಹೊಸ ಮೀನನ್ನು ಬೇರೆ ಇಡಲು ಆಗುತ್ತದೆ. ನಿನ್ನ ಗೋಡೆಯ ಅಳತೆ ಟೇಪು ಹಿಡಿದು ತೆಗೆದು ಕಳಿಸು. ದೊಡ್ಡಮ್ಮ ಚಟ್ನಿಪುಡಿ ಮಾಡಿಟ್ಟಿದ್ದಾಳೆ, ಡಬ್ಬಿ ತರುವುದು ಮರೆಯಬೇಡ ಅಂತ ಹೇಳಲು ಹೇಳಿದ್ದಾಳೆ.

ಇಂತಿ ನಿನ್ನ ಪ್ರೀತಿಯ
ದೊಡ್ಡಪ್ಪ